ತೊಟ್ಟಿಯವರ ಹಸಿವು

ರಜೆ ಮುಗಿಸಿ ಕೊಳಚೆನೀರು ಶುದ್ಧೀಕರಣ ಘಟಕಕ್ಕೆ ಮರಳಿದ ಓರ್ನೆಲ್ಲಾ ಪೀಪಾಯಿಯ ಮುಚ್ಚಳ ತೆಗೆದು ನೋಡಿದಳು. ಹತ್ತು ದಿನಗಳಲ್ಲಿ ಖಾಲಿಯಾಗಬೇಕಿದ್ದ ಪೀಪಾಯಿ ಕಂಠದವರೆಗೆ ತುಂಬಿತ್ತು.

“ಗಾಸ್ಪಾರೆ, ದಿನಾ ಎರಡು ಬಕೆಟ್ ಕಾರ್ಖಾನೆ ನೀರು ತೊಟ್ಟಿಗೆ ಹಾಕು ಅಂತ ಹೇಳಿ ಹೋಗಿದ್ದೆನಲ್ಲ?”

ಕಾವಲುಗಾರ ಗಾಸ್ಪಾರೆ ಟೋಪಿ ತೆಗೆದ. ಓದಿದವರೆಲ್ಲ ಅವನಿಗೆ ಡಾಕ್ಟರೇ. “ನೀವು ಹೋದ ಮಾರನೇ ದಿನವೇ ಫೆರ್ರಗೋಸ್ಟೊ ಹಬ್ಬ ಬಂತಲ್ಲ ಡಾಕ್ಟ್ರಮ್ಮ. ಊರಿಗೆ ಊರೇ ಬಾಗಿಲು ಹಾಕ್ಕೊಂಡು ಸಮುದ್ರಕ್ಕೆ ಹೋಗಿತ್ತು. ಹಬ್ಬದ ದಿನ ಯಾರಾದ್ರೂ ವಿಷ ಹಾಕ್ತಾರಾ? ಸಕ್ಕರೆ ಹಾಕ್ದೆ. ಪೀಚ್ ಹಣ್ಣಿನ ಡಬ್ಬಿಯ ಪಾಕಾನೂ ಸುರಿದೆ. ನಮ್ಮ ತೊಟ್ಟಿಯವರು ಎಷ್ಟು ಖುಷಿಯಾಗಿ ನೊರೆ ಬಿಟ್ರು ಗೊತ್ತಾ? ಆಮೇಲೆ ಆ ಕರೀ ನೀರು ಹಾಕೋಕೆ ಮನಸ್ಸೇ ಬರಲಿಲ್ಲ.”

ತೊಟ್ಟಿಯವರೆಂದರೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಅಂಟು ತಯಾರಿಸುವ ಕಾರ್ಖಾನೆಯಿಂದ ಬರುವ ಫಿನಾಲ್ ಎಂಬ ವಿಷವೇ ಅವರ ಅನ್ನ. ತೊಟ್ಟು ತೊಟ್ಟಾಗಿ ಅದನ್ನು ರೂಢಿ ಮಾಡಿಸಲು ಓರ್ನೆಲ್ಲಾಳಿಗೆ ಎರಡು ವರ್ಷ ಹಿಡಿದಿತ್ತು. ಈಗ ಸಿಹಿಯ ರುಚಿ ಹತ್ತಿ ಅವರು ಅದನ್ನು ತಿನ್ನುವುದನ್ನೇ ಮರೆತಿದ್ದರೆ, ವಿಷ ನೇರ ಕಾಲುವೆಗೆ, ಕಾಲುವೆಯಿಂದ ತೆನೆ ಕಟ್ಟುತ್ತಿರುವ ಭತ್ತದ ಗದ್ದೆಗಳಿಗೆ. ರಜೆ ಮುಗಿಸಿದ ಕಾರ್ಖಾನೆ ಬೆಳಿಗ್ಗೆಯೇ ಶುರುವಾಗಿತ್ತು.

ಫೋನ್ ಬಂತು. ಕಾರ್ಖಾನೆಯ ಮೇಲ್ವಿಚಾರಕ. “ನೀರು ಬಿಡ್ಲಾ?”

“ಬೇಡ. ಹತ್ತು ನಿಮಿಷ ತಡೀರಿ.”

“ಇಲ್ಲಿ ಗುಂಡಿ ತುಂಬ್ತಾ ಇದೆ.”

“ತುಂಬಲಿ.”

ಅವಳು ತೊಟ್ಟಿಯ ನೀರನ್ನು ಗಾಜಿನ ಜಾಡಿಗೆ ತುಂಬಿ, ಪೀಪಾಯಿಯಿಂದ ಅರ್ಧ ಚಮಚ ಕರಿನೀರು ಬೆರೆಸಿ, ಆಮ್ಲಜನಕ ಅಳೆಯುವ ಕಡ್ಡಿ ಇಳಿಬಿಟ್ಟಳು. ಆರು ಪಾಯಿಂಟ್ ಎರಡು.

“ತಿಂದರೆ ಉಸಿರಾಡ್ತಾರೆ. ಉಸಿರಾಡಿದರೆ ಈ ಅಂಕಿ ಸರಸರ ಇಳೀಬೇಕು.”

ಇಳಿಯಲಿಲ್ಲ. ಒಂದು ನಿಮಿಷ. ಎರಡು.

“ನಾನೇ ಸಾಯಿಸಿಬಿಟ್ನಾ?” ಗಾಸ್ಪಾರೆಯ ದನಿ ಕುಗ್ಗಿತ್ತು.

“ಸುಮ್ನಿರು ಮಾರಾಯ.”

ಆರು ಪಾಯಿಂಟ್ ಒಂದು. ಮಗುವಿಗೆ ತುತ್ತಿಡುವ ತಾಯಿಯ ಹಾಗೆ, ಅವಳಿಗೇ ಅರಿವಿಲ್ಲದೆ ಅವಳ ಬಾಯಿ ತೆರೆದುಕೊಂಡಿತ್ತು. ಆರು. ಐದು ಪಾಯಿಂಟ್ ಏಳು. ಐದು ಪಾಯಿಂಟ್ ಒಂದು.

“ನಾಲ್ಕೂವರೆ,” ಎಂದು ಗಾಸ್ಪಾರೆ ಅವಳ ಭುಜದ ಮೇಲಿಂದ ಬಗ್ಗಿ ಓದಿದ. “ನಾಲ್ಕು. ಡಾಕ್ಟ್ರಮ್ಮ, ಮೂರೂವರೆ. ಬಕಾಸುರರು ಕಣ್ರೀ ಇವರು.”

ಫೋನ್ ಮತ್ತೆ ಬಡಿದುಕೊಂಡಿತು. ಅವಳು ಎತ್ತಿಕೊಂಡಳು. ದನಿ ನಗುತ್ತಿತ್ತು. “ಬಿಡಿ. ಸಣ್ಣಗೆ. ಇವತ್ತು ತುಂಬಾ ಸಣ್ಣಗೆ.”

ಕೊಳವೆ ಗೊರಗೊರ ಎಂದಿತು. ಮೂಗು ಸುಡುವ ಕರಿನೀರು ಎಳೆಯಾಗಿ ಧುಮುಕಿತು. ಗಾಸ್ಪಾರೆ ತೊಟ್ಟಿಯ ಕಂಬಿಯ ಮೇಲೆ ಬಗ್ಗಿ, ಅಂಗಳದಲ್ಲಿ ಆಡುತ್ತಿರುವ ಮಕ್ಕಳನ್ನು ಕರೆಯುವ ಹಾಗೆ ಮೆಲ್ಲಗೆ ಕೂಗಿದ: “ಬನ್ರೋ, ಊಟ ಬಂತು.”