ಹೆಬ್ಬೆಟ್ಟು

ಗಲ್ಲು ಶಿಕ್ಷೆಯಾಗಿದ್ದ ಅವನನ್ನು ಜೈಲಿನಲ್ಲಿ ಎಲ್ಲರೂ ‘ಏ ಹೆಬ್ಬೆಟ್ಟು’ ಎಂದೇ ಕರೆಯುತ್ತಿದ್ದರು. “ನಿನ್ನ ಹೆಸರೇನಪ್ಪ?” ಎಂದು ಕೇಳಿದವರು ಪಾಠ ಹೇಳಲು ಬರುತ್ತಿದ್ದ ಮೇಷ್ಟ್ರು ಒಬ್ಬರೇ. ಆರು ತಿಂಗಳು ಪಕ್ಕದಲ್ಲೇ ಕೂತು, ಕೈ ಹಿಡಿದು ತಿದ್ದಿಸಿ, ಕೊನೆಗೆ ಆ ಹೆಸರನ್ನು ಅವನಿಂದಲೇ ಬರೆಸಿದರು.

“ಇನ್ನು ಯಾರ ಮುಂದೆಯೂ ತಲೆ ತಗ್ಗಿಸಬೇಡ,” ಅಂದರು.

ಮೇಲ್ಮನವಿ ವಿಚಾರಣೆಗೆ ಬಂದ ದಿನ ಹೊಸ ವಕೀಲರು ಅವನ ಕಿವಿಯಲ್ಲಿ ಹೇಳಿದರು: “ಕೊಲೆಗೆ ಮುಂಚೆ ನೀನೇ ಕೈಯಾರೆ ಬರೆದು ಕಳಿಸಿದೆ ಅನ್ನೋ ಬೆದರಿಕೆ ಪತ್ರ ಒಂದೇ ಪೊಲೀಸರ ಹತ್ತಿರ ಇರೋ ಸಾಕ್ಷಿ. ಆಗ ನನಗೆ ಅಕ್ಷರವೇ ಬರ್ತಿರಲಿಲ್ಲ ಅನ್ನು, ಸಾಕು. ಮನೆಗೆ ಹೋಗ್ತೀಯ.”

ಆಮೇಲೆ ನ್ಯಾಯಾಧೀಶರತ್ತ ತಿರುಗಿದರು. “ಮಹಾಸ್ವಾಮಿ, ಜೈಲಿಗೆ ಬರುವಾಗ ಇವನು ಬರೀ ಹೆಬ್ಬೆಟ್ಟು. ಎಮ್ಮೆಗೆ ಎಷ್ಟು ಓದು ಬರುತ್ತೋ ಇವನಿಗೂ ಅಷ್ಟೇ.”

ಕೋರ್ಟಿಗೆ ಕೋರ್ಟೇ ಗೊಳ್ಳೆಂದು ನಕ್ಕಿತು.

“ಬರೆಯೋದು ಯಾವಾಗ ಕಲಿತೆಯಪ್ಪ?” ನ್ಯಾಯಾಧೀಶರು ಕೇಳಿದರು.

ಅವನು ಹಿಂದಿನ ಬೆಂಚಿನಲ್ಲಿ ಕೂತಿದ್ದ ಮೇಷ್ಟ್ರನ್ನು ನೋಡಿದ. ತಲೆ ಎತ್ತಿದ.

“ಚಿಕ್ಕಂದಿನಿಂದಲೂ ಬರುತ್ತೆ ಸ್ವಾಮಿ.”