ಅರಿಶಿನದಂಥ ಬಣ್ಣ

ಹೆಣ್ಣು ನೋಡಲು ಬಂದ ಹುಡುಗನಿಗೂ ಕಣ್ಣು ಕಾಣುತ್ತಿರಲಿಲ್ಲ, ಹುಡುಗಿಯೂ ಹುಟ್ಟುಕುರುಡಿ. "ಕಣ್ಣೊಂದಿಲ್ಲ ಅಷ್ಟೇ, ಅರಿಶಿನದಂಥ ಬಣ್ಣ ಕಣೇ ನಿಂದು," ಎಂದು ಅವಳಮ್ಮ ಚಿಕ್ಕಂದಿನಿಂದ ಹೇಳುತ್ತಿದ್ದುದನ್ನೇ ಹೇಳಿ, ಹೂ ಮುಡಿಸಿ, ಕರೆತಂದು ಕೂರಿಸಿದಳು.

ಹುಡುಗನ ತಾಯಿ ಹುಡುಗಿಯನ್ನು ಒಮ್ಮೆ ನೋಡಿದವಳೇ ಫೋನ್ ತೆಗೆದು ಏನೋ ಒತ್ತಿದಳು. ಮಗನ ಜೇಬಿನಲ್ಲಿದ್ದ ಫೋನು ಬಂದ ಮೆಸೇಜನ್ನು ಗಟ್ಟಿಯಾಗಿ ಓದಿತು. ಅದು ಓದಿದ ವೇಗಕ್ಕೆ ಕಣ್ಣಿದ್ದವರಿಗೆ ಕೇಳಿಸಿದ್ದು ಗುಬ್ಬಿಯ ಚಿಲಿಪಿಲಿ ಮಾತ್ರ.

"ಇದೇನಪ್ಪ, ಹಿಂಗೆ ಒದರುತ್ತೆ?" ಹುಡುಗಿಯ ಅಪ್ಪ ನಕ್ಕ.

"ಮೆಸೇಜ್ ಓದೋದು ಹಂಗೇ. ಅವನೊಬ್ಬನಿಗೇ ಅರ್ಥ ಆಗೋದು ಬಿಡಿ," ಎಂದಳು ಹುಡುಗನ ತಾಯಿ.

"ಏನಂತೆ?"

ಹುಡುಗ ತಡವರಿಸಿದ. "ಆಫೀಸಿಂದು... ನಾಳೆ ಮೀಟಿಂಗಂತೆ."

ಕಾಫಿ ತಟ್ಟೆ ಚಾಚಿದ್ದ ಹುಡುಗಿಯ ಕೈ ಅಲ್ಲೇ ನಿಂತಿತು. ದಿನವಿಡೀ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತನ್ನ ಫೋನನ್ನೂ ಅದೇ ವೇಗದಲ್ಲಿ ಕೇಳುವವಳು ಅವಳು. ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು, ಬೆರಳಿನಿಂದ ಕೆನ್ನೆ ಸವರಿಕೊಂಡಳು. ಎಂದಿನಂತೆ ನುಣುಪಾಗಿಯೇ ಇತ್ತು.

"ಅಮ್ಮಾ," ಎಂದಳು, "ನನ್ನ ಮುಖದ ತುಂಬ ತೊನ್ನಿದೆಯಾ?"