ಮೊದಲ ದಿನದ ದನಿ

ಪುಟ್ಟಲಕ್ಷ್ಮಿ ತುಟಿಯ ಮುಂದೆ ಕಾಗದದ ಚೂರು ಹಿಡಿದು ‘ಪ’ ಎಂದಳು. ಕಾಗದ ಅಲುಗಿತು. ಕಿವಿಗೆ ಯಂತ್ರ ಹಾಕಿಕೊಂಡಿದ್ದ ಐದು ವರ್ಷದ ಐಶ್ವರ್ಯ ತಾನೂ ಊದಿದಳು. ಕಾಗದವೇನೋ ಅಲುಗಿತು, ‘ಪ’ ಅರ್ಧ ಬಂತು. ಅಷ್ಟರಲ್ಲಿ ಕಂಪ್ಯೂಟರ್ ರಿಪೇರಿಯ ಅಶ್ವತ್ಥ್ ಒಳಗಿನ ಕೋಣೆಯಿಂದ ಬಂದು ತಲೆಯಾಡಿಸಿದ.

“ಆಗಲ್ಲ ಮೇಡಂ. ಯಾರೋ ಹ್ಯಾಕರ್‌ಗಳು ಎಲ್ಲಾ ಫೈಲಿಗೂ ಬೀಗ ಹಾಕಿ ದುಡ್ಡು ಕೇಳ್ತಿದ್ದಾರೆ. ದುಡ್ಡು ಕೊಟ್ರೂ ತೆಗೀತಾರೆ ಅನ್ನೋ ಗ್ಯಾರಂಟಿ ಇಲ್ಲ.”

“ಎರಡು ಕೋಣೆ ಶಾಲೆ ಕಣಪ್ಪಾ ಇದು. ನಮ್ಮ ಹತ್ರ ಏನಿದೆ ಅಂತ ಬಂದ್ರು?”

“ನೀವ್ಯಾರು ಅಂತ್ಲೇ ಅವ್ರಿಗೆ ಗೊತ್ತಿರಲ್ಲ. ಬಲೆ ಬೀಸ್ತಾರೆ, ಬಿದ್ದೋರು ಬಿದ್ರು.”

ಬಿದ್ದವಳು ತಾನೇ. ಮಕ್ಕಳು ಮನೆಯಲ್ಲಿ ಆಡಿದ್ದನ್ನು ತಾಯಂದಿರು ರೆಕಾರ್ಡ್ ಮಾಡಿ ಮೇಲ್ ಕಳಿಸುವುದು, ಬೆಳಿಗ್ಗೆ ಅವಳು ಒಂದೊಂದನ್ನೂ ಕೂತು ಕೇಳುವುದು ಅಲ್ಲಾಳಸಂದ್ರದ ಈ ಕಿವುಡು ಮಕ್ಕಳ ಶಾಲೆಯ ರೂಢಿ. ‘ವಾಯ್ಸ್ ಮೆಸೇಜ್’ ಎಂದಿದ್ದ ಮೇಲನ್ನು, ಯಾರೋ ಹೊಸ ತಾಯಿ ಇರಬೇಕೆಂದು ತೆರೆದಿದ್ದಳು. ಹನ್ನೊಂದು ವರ್ಷಗಳಲ್ಲಿ ಬಂದ ಪ್ರತಿ ಮಗುವಿನ ಮೊದಲ ದಿನದ ದನಿಯನ್ನು ಅವಳು ಆ ಕಂಪ್ಯೂಟರಿನಲ್ಲೇ ಕೂಡಿಟ್ಟಿದ್ದಳು; ಎಲ್ಲವೂ ಹೋಯಿತು. ದಿನವೂ ನೋಡುವ ಮಗುವಿನಲ್ಲಿ ಆದ ಬದಲಾವಣೆ ಮನೆಯವರಿಗೆ ಕಾಣುವುದಿಲ್ಲ. ಅವರು ಸೋತು ಕೂತಾಗ ಅವಳು ಕೇಳಿಸುತ್ತಿದ್ದುದು ಆ ಮೊದಲ ದಿನದ ದನಿಯನ್ನೇ.

ಹನ್ನೆರಡಕ್ಕೆ ಮಗಳನ್ನು ಕರೆದೊಯ್ಯಲು ಶರಣು ಬಂದ. ಬಾಗಲೂರಿನಿಂದ ಎರಡು ಬಸ್ಸು, ಪ್ರತಿ ಸಲವೂ ಅರ್ಧ ದಿನದ ರಜೆ. ಫ್ಯಾಕ್ಟರಿಯಲ್ಲಿ ಇನ್ನು ಕೊಡುವುದಿಲ್ಲ ಎಂದಿದ್ದರಂತೆ. ಹೋದ ವಾರವೇ ಶಾಲೆ ಬಿಡಿಸುತ್ತೇನೆಂದವನನ್ನು, ಮಗು ಮೊದಲು ಹೇಗಿತ್ತೆಂದು ಒಮ್ಮೆ ಕೇಳಿ ಆಮೇಲೆ ತೀರ್ಮಾನಿಸಿ ಎಂದು ಅವಳೇ ತಡೆದಿದ್ದಳು. ಈಗ ನಡೆದದ್ದನ್ನು ಹೇಳಿದಳು. ಅವನು ಕೋಪಿಸಿಕೊಳ್ಳಲಿಲ್ಲ.

“ಕಳ್ಳರು ಕೂಸಿನ ದನಿ ಒಯ್ದು ಏನ್ ಮಾಡ್ತಾರ್ರೀ ಮೇಡಂ?” ಎಂದ. “ಎರಡು ವರ್ಷ ಆತ್ರಿ. ನನಗೇನೂ ಫರಕ್ ಕಾಣವಲ್ದು. ಸೋಮವಾರದ ತನಕ ನೋಡ್ತೀನಿ. ಆಮ್ಯಾಲೆ ಊರಾಗ ಅವ್ವನ ಹತ್ರ ಬಿಡ್ತೀನ್ರಿ.”

ಆ ಊರಿನಲ್ಲಿ ಇಂಥ ಶಾಲೆ ಇಲ್ಲ. ಇನ್ನೊಂದು ವರ್ಷ ಸಿಕ್ಕರೆ ಹುಡುಗಿ ಮಾತಿಗೆ ಬರುತ್ತಾಳೆ. ಈಗ ನಿಂತರೆ ಬಂದಷ್ಟೂ ಹೋಗುತ್ತದೆ. ಅದು ಪುಟ್ಟಲಕ್ಷ್ಮಿಗೆ ಮಾತ್ರ ಗೊತ್ತು.

ಅವರು ಹೋದ ಮೇಲೆ ಬಾಗಿಲು ಹಾಕಿದಳು. ಮೂರು ವರ್ಷದ ಐಶ್ವರ್ಯ ಮೊದಲ ದಿನ ಹೊರಡಿಸಿದ್ದ ಸದ್ದು ಅವಳ ಕಿವಿಯಲ್ಲೇ ಇತ್ತು: ಮೂಗಿನಲ್ಲಿ ಹುಟ್ಟಿ ಅಲ್ಲೇ ಮುಗಿಯುವ, ಏರಿಳಿತವಿಲ್ಲದ ಒಂದು ಎಳೆ. ಕೊರಳು ಸಣ್ಣ ಮಾಡಿ ಒಮ್ಮೆ ಅಂದು ನೋಡಿದಳು. ಇನ್ನೊಮ್ಮೆ. ಮೂರನೆಯ ಸಲ ಅದು ಎಷ್ಟು ಸರಿಯಾಗಿ ಬಂತೆಂದರೆ ತಾನೇ ಬೆಚ್ಚಿದಳು. ಹಳೆಯ ಮೊಬೈಲಿನಲ್ಲಿ ಸಿಕ್ಕಿತು ಎಂದರೆ ಶರಣು ನಂಬುತ್ತಾನೆ. ಇಷ್ಟು ವರ್ಷ ಯಾವ ತಂದೆತಾಯಿಗೂ ಅವಳು ಇಲ್ಲದ್ದನ್ನು ಹೇಳಿದವಳಲ್ಲ.

ಎದ್ದು ಫ್ಯಾನ್ ಆರಿಸಿದಳು. ಅದರ ಸದ್ದು ಬೀಳಬಾರದು. ಮೊಬೈಲನ್ನು ಬಾಯಿಯ ಹತ್ತಿರ ತಂದು ರೆಕಾರ್ಡ್ ಒತ್ತಿದಳು.